ಗ್ಯಾರೇಜಿಗೆ ಹೋದರೆ ಸರಿಯಾಗುವ ಕಾರು

ನಮ್ಮ ಮಾರುತಿ 800 ಬೆಳಗಿನ ಹೊತ್ತು ಯಾವತ್ತೂ ಕೈಕೊಟ್ಟದ್ದಿಲ್ಲ. ಚೋಕ್ ಎಳೆದು ಕೀಲಿ ತಿರುಗಿಸಿದರೆ ಸಾಕು, ಎಂಜಿನ್ ಹತ್ತುತ್ತದೆ. ತಕರಾರು ಏನಿದ್ದರೂ ಆಮೇಲಿನದು. ಮೈಸೂರಿನ ಕುವೆಂಪುನಗರದಿಂದ ಹೊರಟು ಮಂಡ್ಯ ತಲುಪಿ, ಅಪ್ಪನ ಮನೆಯ ಮುಂದೆ ನಿಲ್ಲಿಸಿ, ಕಾಫಿ ಕುಡಿದು, ಅವರ ಮಾತ್ರೆ ತರಲು ಮತ್ತೆ ಕಾರು ಹತ್ತಿದರೆ ಸೆಲ್ಫ್ ಮೋಟಾರು ನರಳುತ್ತದೆ, ಎಂಜಿನ್ ಹತ್ತುವುದಿಲ್ಲ. ಅದೂ ಪ್ರತಿ ಸಲ ಅಲ್ಲ. ಎರಡು ವಾರ ಚೆನ್ನಾಗಿಯೇ ಇದ್ದು, ಇನ್ನೇನು ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಶ್ರೀರಂಗಪಟ್ಟಣದ ಪೆಟ್ರೋಲ್ ಬಂಕಿನಲ್ಲಿ, ಹಿಂದೆ ನಿಂತವರೆಲ್ಲ ಹಾರನ್ ಹೊಡೆಯುತ್ತಿರುವಾಗ, ಮತ್ತೆ ಅದೇ ರಾಗ.

ಕಾರು 1994ರದ್ದು, ಅಪ್ಪ ಕೊಂಡದ್ದು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್, ಕೈಯಿಂದ ಎಳೆಯುವ ಚೋಕ್, ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ತು ಹಂಚುವ ಡೆಲ್ಕೊ, ಅದರೊಳಗೆ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟ್ ಮತ್ತು ಅದರ ಜೊತೆಗಾರ ಕಂಡೆನ್ಸರ್ ಇರುವ ಹಳೆಯ ಮಾದರಿ. ಸ್ಕ್ಯಾನರ್ ಜೋಡಿಸಿ ಎಲ್ಲಿ ಕೆಟ್ಟಿದೆ ಎಂದು ಓದಿಕೊಳ್ಳುವ ಅನುಕೂಲ ಇದರಲ್ಲಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ರೂಪಾಯಿ ಆಗಿತ್ತು. ಅಷ್ಟನ್ನೂ ಕಟ್ಟಿ ಇಟ್ಟುಕೊಂಡಿದ್ದೇನೆ ಎಂದರೆ ಮಾರುವ ಮನಸ್ಸಿಲ್ಲ ಎಂದೇ ಅರ್ಥ. 1983ರಿಂದ 2014ರವರೆಗೆ ತಯಾರಾದ ಗಾಡಿ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಹೆಚ್ಚಿನ ಕಡೆಗೆ ಕೈಯೂ ಹೋಗುತ್ತದೆ.

ಮೊದಲು ತೋರಿಸಿದ್ದು ಮೈಸೂರಿನ ಒಂದು ಗ್ಯಾರೇಜಿನಲ್ಲಿ. ಡಾಕ್ಟರ ಮುಂದೆ ಕುಳಿತ ಕೂಡಲೇ ಹಲ್ಲುನೋವು ಮಾಯವಾಗುವಂತೆ, ಅಲ್ಲಿಗೆ ಹೋದಾಗಲೆಲ್ಲ ಕಾರು ಒಂದೇ ಸುತ್ತಿಗೆ ಸ್ಟಾರ್ಟ್ ಆಯಿತು. "ಚೆನ್ನಾಗಿಯೇ ಇದೆಯಲ್ಲ ಮೇಡಂ" ಎಂದರು ಮೇಸ್ತ್ರಿ. ಆದರೂ ನಾನು ಬಂದದ್ದಕ್ಕೆ ಏನಾದರೂ ಮಾಡಬೇಕಲ್ಲ. ಒಮ್ಮೆ ಪ್ಲಗ್ ಬದಲಾದವು. ಮತ್ತೊಮ್ಮೆ ಪಾಯಿಂಟ್, ಕಂಡೆನ್ಸರ್. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಕೊನೆಗೆ ಹೊಸ ಬ್ಯಾಟರಿ. ಪ್ರತಿಯೊಂದರ ನಂತರವೂ ಕೆಲವು ದಿನ ಕಾರು ಚೆನ್ನಾಗಿತ್ತು, ಮತ್ತೆ ಕೈಕೊಟ್ಟಿತು. ಮೇಸ್ತ್ರಿಯವರನ್ನು ದೂರುವುದಿಲ್ಲ. ಕಾಣದ ದೋಷವನ್ನು ಅವರಾದರೂ ಎಲ್ಲಿಂದ ಹುಡುಕಿಯಾರು? ಕಂಡೆನ್ಸರ್ ಬಿಸಿಯಾದಾಗ ಮಾತ್ರ ಕೆಡುವುದು, ಪ್ಲಗ್‌ನ ಪಿಂಗಾಣಿ ಬಿರುಕು ಬಿಡುವುದು, ಹಳೆಯ ಬ್ಯಾಟರಿ ಸೊರಗುವುದು ಎಲ್ಲವೂ ನಡೆಯುವಂಥವೇ. ಅವರ ಊಹೆಗಳು ಹುಚ್ಚಲ್ಲ. ಆದರೆ ಬಂದು ಹೋಗುವ ದೋಷವನ್ನು ಅದು ಇಲ್ಲದ ಹೊತ್ತಿನಲ್ಲಿ ಹುಡುಕಿದರೆ ಬಿಡಿಭಾಗದ ಅಂಗಡಿಗೆ ಮಾತ್ರ ಲಾಭ. ಅದು ಬಂದಿರುವಾಗಲೇ, ನಿಂತ ಜಾಗದಲ್ಲೇ ಅಳೆಯಬೇಕು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ಮಲ್ಟಿಮೀಟರ್ ಹೊಸದೇನಲ್ಲ. ಒಂದು ಮೀಟರು, ಒಂದು ಹಳೆಯ ಪ್ಲಗ್, ಟಾರ್ಚ್, ನೋಟ್‌ಬುಕ್ಕು ಅಂದಿನಿಂದ ಡಿಕ್ಕಿಯಲ್ಲೇ ಉಳಿದವು.

ಮಂಡ್ಯದಲ್ಲಿ ಚಿಕ್ಕಪ್ಪನ ತೀರ್ಮಾನ ಬೇರೆಯೇ ಇತ್ತು. ಅವರು ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. "ಏರ್‌ಲಾಕ್ ಕಣಮ್ಮ ಅದು. ಎಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕು, ಹತ್ತು ನಿಮಿಷ ಸುಮ್ಮನಿರು, ತಾನಾಗಿ ಹತ್ತುತ್ತದೆ" ಎಂದರು. ಗ್ಯಾರೇಜುಗಳಲ್ಲಿ ಎಸಿ ಪಂಪ್ ಎಂದು ಕರೆಯುವುದು ಎಂಜಿನ್ನಿಗೇ ಕೂಡಿಕೊಂಡು ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದು ಕೊಡುವ ಪಂಪನ್ನು. ಹವಾನಿಯಂತ್ರಣಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿಕ್ಕಪ್ಪನ ಮಾತಿನಲ್ಲಿ ವಿಜ್ಞಾನವಿದೆ. ಎಂಜಿನ್ ನಿಂತ ಮೇಲೆ ಗಾಳಿಯೂ ಇಲ್ಲ, ನೀರಿನ ಓಡಾಟವೂ ಇಲ್ಲ; ಒಳಗಿನ ಕಾವು ಹೊರಗೆ ಹರಡಿ ಬಾನೆಟ್ಟಿನ ಕೆಳಗೆ ಓಡುವಾಗ ಇದ್ದದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಪೈಪಿನಲ್ಲಿರುವ ಪೆಟ್ರೋಲು ಆವಿಯಾದರೆ ಪಂಪು ದ್ರವದ ಬದಲು ಆವಿಯನ್ನೇ ಎಳೆಯುತ್ತದೆ. ಕಾರ್ಬ್ಯುರೇಟರಿನೊಳಗೆ ಕುದ್ದರೆ ಅದು ಎಂಜಿನ್ನಿನ ಬಾಯಿಗೆ ತೊಟ್ಟಿಕ್ಕಿ ಓವರ್‌ಫ್ಲೋ ಆಗುತ್ತದೆ. ನಿಲ್ಲಿಸಿ ಕಾಲು ಗಂಟೆಯಾದ ಮೇಲೆ ಬರುವ ತೊಂದರೆಗೆ ಇದು ಒಪ್ಪುವ ವಿವರಣೆಯೇ.

ಇದಕ್ಕೆ ಈಚಿನ ಒಗ್ಗರಣೆ ಎಥನಾಲ್. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸಲು ಶುರುವಾದ ಮೇಲೆ ಹಳೆಯ ಗಾಡಿಯ ಯಾವ ಕಾಯಿಲೆಗೂ ಅದೇ ಕಾರಣ ಎನ್ನುವವರು ಎಲ್ಲ ಬಂಕುಗಳಲ್ಲೂ ಇದ್ದಾರೆ. ಕಬ್ಬಿನ ಸೀಮೆಯಾದ ಮಂಡ್ಯದಲ್ಲಿ ನಿಂತು ಎಥನಾಲನ್ನು ಬೈಯುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಚಿಕ್ಕಪ್ಪನ ಗದ್ದೆಯಲ್ಲಿ ನಿಂತಿರುವುದೂ ಕಬ್ಬೇ. ಹಳೆಯ ರಬ್ಬರಿನ ಪೈಪು, ಪಂಪಿನ ಪೊರೆ ಇವಕ್ಕೆ ಎಥನಾಲ್ ಹಿತವಲ್ಲ ಎನ್ನುವುದು ನಿಜ. ಆ ಪೈಪುಗಳನ್ನು ನಾನು ಬದಲಿಸಿಕೊಂಡೆ, ಹೇಗೂ ಬದಲಿಸಬೇಕಾಗಿತ್ತು. ತೊಂದರೆ ಮಾತ್ರ ಇದ್ದಲ್ಲೇ ಇತ್ತು.

ಒದ್ದೆ ಬಟ್ಟೆಯಿಂದ ಕೆಲವೊಮ್ಮೆ ಕಾರು ಹತ್ತಿದ್ದೂ ಉಂಟು. ಆದರೆ ಬಟ್ಟೆ ಹಾಕದೆ ಅಷ್ಟೇ ಹೊತ್ತು ಕಾದರೂ ಹತ್ತುತ್ತಿತ್ತು.

ನೋಟ್‌ಬುಕ್ಕಿನಲ್ಲಿ ಕೈಕೊಟ್ಟ ದಿನ ಬರೆದುಕೊಳ್ಳುತ್ತಿದ್ದದ್ದು ಇಷ್ಟು: ಎಷ್ಟು ದೂರ ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ಬಿಸಿಲೋ ಮಳೆಯೋ, ದೀಪ ಹಾಕಿದ್ದೆನೋ ಇಲ್ಲವೋ, ಸೆಲ್ಫ್ ತಿರುಗುವ ಸದ್ದು ಹೇಗಿತ್ತು, ಕೊನೆಗೆ ಹೇಗೆ ಹತ್ತಿತು. ಪುಟಗಳು ತುಂಬುತ್ತ ಹೋದಂತೆ ಎರಡು ಸಂಗತಿ ಎದ್ದು ಕಂಡವು. ಒಂದು, ಏರ್‌ಲಾಕಿಗೆ ಬಿಸಿಲು ಬೇಕು. ಆದರೆ ಆಷಾಢದ ಜಡಿಮಳೆಯಲ್ಲಿ, ರಾತ್ರಿ ದೀಪ, ವೈಪರ್ ಎರಡನ್ನೂ ಹಾಕಿಕೊಂಡು ಮಂಡ್ಯದಿಂದ ಬಂದು ಮೈಸೂರಿನ ನಂಜುಮಳಿಗೆಯಲ್ಲಿ ಹಣ್ಣು ಕೊಳ್ಳಲು ನಿಲ್ಲಿಸಿದಾಗಲೂ ಇದು ಮೊಂಡು ಹಿಡಿದಿತ್ತು. ಎರಡನೆಯದು ನನಗೆ ಹೆಚ್ಚು ಮುಖ್ಯವೆನಿಸಿತು. ಸೆಲ್ಫಿನಲ್ಲಿ ಎಷ್ಟು ಒದ್ದಾಡಿದರೂ ಹತ್ತದ ಎಂಜಿನ್ನು, ಯಾರಾದರೂ ನಾಲ್ಕು ಹೆಜ್ಜೆ ತಳ್ಳಿ, ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಹತ್ತುತ್ತಿತ್ತು. ಪ್ರತಿ ಸಲವೂ.

ಪೆಟ್ರೋಲು ಬರುತ್ತಿಲ್ಲವಾದರೆ ತಳ್ಳಿದರೆ ಮಾತ್ರ ಎಲ್ಲಿಂದ ಬರಬೇಕು? ಪಾಯಿಂಟು, ಕಂಡೆನ್ಸರು, ಪ್ಲಗ್ಗು ಕೆಟ್ಟಿದ್ದರೆ ತಳ್ಳಿದ ಮಾತ್ರಕ್ಕೆ ಅವು ಸರಿಯಾಗುವುದಿಲ್ಲ. ತಳ್ಳುವುದಕ್ಕೂ ಸೆಲ್ಫ್ ಹೊಡೆಯುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಸೆಲ್ಫ್ ಮೋಟಾರು ಎಳೆಯುವ ವಿದ್ಯುತ್ತು. ಇಷ್ಟು ಚಿಕ್ಕ ಕಾರಿನಲ್ಲೂ ಅದು ನೂರು ಆಂಪಿಯರ್ ಆಸುಪಾಸಿನ ಲೆಕ್ಕ. ಅದನ್ನು ಎಳೆಯುವ ಹೊತ್ತಿನಲ್ಲೇ ಎಲ್ಲೋ ಏನೋ ಸೋಲುತ್ತಿದೆ. ಬ್ಯಾಟರಿ ಹೊಸದು. ಹಾಗಾದರೆ ದಾರಿಯಲ್ಲಿ ಎಲ್ಲಿ?

ಇದನ್ನು ಮೇಸ್ತ್ರಿಯವರಿಗೆ ಹೇಳಿದಾಗ ಅವರು ಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಒಂದು ಕಡ್ಡಿ ಎಂಜಿನ್ನಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿದರು. ಕೀ ಎಂದಿತು. "ಅರ್ತ್ ಚೆನ್ನಾಗಿದೆ ಮೇಡಂ, ನೀವೇ ನೋಡಿ." ಅರ್ತ್ ಎಂದರೆ ವಿದ್ಯುತ್ತು ಎಂಜಿನ್ನಿನ ಲೋಹದಿಂದ ಬ್ಯಾಟರಿಯ ನೆಗೆಟಿವ್‌ಗೆ ವಾಪಸು ಹೋಗುವ ದಾರಿ. ಆ ಬೀಪ್ ಹೇಳುವುದು ಎರಡು ಜಾಗಗಳ ನಡುವೆ ಒಂದು ಎಳೆ ತಂತಿಯಾದರೂ ಇದೆ ಎಂಬುದನ್ನಷ್ಟೇ. ಲೆಕ್ಕ ಹಾಕಿ ನೋಡಿ: ದಾರಿಯಲ್ಲಿ ಒಂದು ಓಮಿನ ಐವತ್ತರಲ್ಲಿ ಒಂದು ಪಾಲು ರೋಧ, ಅಂದರೆ ವಿದ್ಯುತ್ತಿಗೆ ಅಡ್ಡಿ, ಇದ್ದರೂ ನೂರು ಆಂಪಿಯರ್ ಹರಿಯುವಾಗ ಎರಡು ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆದರೆ ಅಷ್ಟು ಸಣ್ಣ ರೋಧ ಸಾಮಾನ್ಯ ಮೀಟರಿಗೆ ಕಾಣಿಸುವುದೇ ಇಲ್ಲ. ಅದರ ಕಡ್ಡಿಗಳ ತಂತಿಯ ರೋಧವೇ ಅದಕ್ಕಿಂತ ಹೆಚ್ಚು. ಹಾಗಾಗಿ ಓಮ್ ಅಳೆದು ಪ್ರಯೋಜನವಿಲ್ಲ. ವಿದ್ಯುತ್ತು ಹರಿಯುತ್ತಿರುವಾಗ ವೋಲ್ಟ್ ಅಳೆಯಬೇಕು. ತರಗತಿಯಲ್ಲಿ ಓಮನ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು ಬರೆದು ನನಗೇ ಬೇಸರ ಬಂದಿತ್ತು. ಇಲ್ಲಿ ಅದಕ್ಕೆ ಕೆಲಸ ಸಿಕ್ಕಿತು.

ಇನ್ನು ದೋಷ ಬರುವವರೆಗೆ ಕಾಯುವುದಕ್ಕಿಂತ ಅದನ್ನು ಬರಿಸುವುದೇ ಮೇಲು. ಒಂದು ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆ. ಏರುದಾರಿ, ಕಡಿಮೆ ಗೇರು, ಮಧ್ಯಾಹ್ನದ ಬಿಸಿಲು, ಹೋಗುವಾಗ ಬೇಕೆಂದೇ ದೀಪವನ್ನೂ ಉರಿಸಿಟ್ಟಿದ್ದೆ. ಮೇಲೆ ವಾಹನ ನಿಲ್ದಾಣದಲ್ಲಿ ನಿಲ್ಲಿಸಿ, ಬಾನೆಟ್ ಮುಚ್ಚಿಯೇ ಇಟ್ಟು, ಚುರುಮುರಿ ತಿಂದು ಬಂದೆವು. ಕೀಲಿ ತಿರುಗಿಸಿದ. ಹತ್ತಲಿಲ್ಲ. ಕಾರು ಹತ್ತಲಿಲ್ಲ ಎಂದು ಅಷ್ಟು ಖುಷಿಪಟ್ಟವರು ಆ ಬೆಟ್ಟದ ಮೇಲೆ ಬೇರೆ ಯಾರೂ ಇದ್ದಿರಲಾರರು.

ಮೊದಲು ಪೆಟ್ರೋಲು. ಏರ್ ಫಿಲ್ಟರಿನ ಮುಚ್ಚಳ ತೆಗೆದು, ಕಾರ್ಬ್ಯುರೇಟರಿನ ಬಾಯೊಳಗೆ ಟಾರ್ಚ್ ಬಿಟ್ಟು, ಆಕ್ಸಿಲರೇಟರಿನ ಕೀಲನ್ನು ಕೈಯಿಂದ ಒತ್ತಿದೆ. ಪಕ್ಕದ ಸಣ್ಣ ತೂತಿನಿಂದ ಪೆಟ್ರೋಲು ತೆಳುವಾದ ದಾರದಂತೆ ಚಿಮ್ಮಿತು. ಮತ್ತೆ ಒತ್ತಿದರೆ ಮತ್ತೆ ಚಿಮ್ಮಿತು. ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿದೆ. ಚಿಕ್ಕಪ್ಪನ ಏರ್‌ಲಾಕ್ ಅಲ್ಲಿಗೆ ಮುಗಿಯಿತು.

ಮುಚ್ಚಳ ಮತ್ತೆ ಹಾಕಿ, ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲೆ ಕಿಡಿಯ ಪರೀಕ್ಷೆ. ಪೆಟ್ರೋಲು ತೆರೆದಿರುವಾಗ ಕಿಡಿ ಹಾರಿಸುವುದು ಯಾರೂ ಮಾಡಬಾರದ ಕೆಲಸ. ಒಂದು ಪ್ಲಗ್ಗಿನ ತಂತಿ ಕಿತ್ತು, ಹಳೆಯ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಕಟ್ಟಿದೆ. ಸೆಲ್ಫ್ ಹೊಡೆದಾಗ ಕಿಡಿ ಬಂತು, ಆದರೆ ಅರಿಸಿನ ಬಣ್ಣದ, ಬಡಕಲು ಕಿಡಿ. ನಡುನಡುವೆ ತಪ್ಪುತ್ತಲೂ ಇತ್ತು. ಬೆಳಗ್ಗೆ ಮನೆಯಲ್ಲಿ ಇದೇ ಪ್ಲಗ್ಗಿನಲ್ಲಿ ನೀಲಿ ಕಿಡಿ ಚಟಚಟ ಸಿಡಿದಿತ್ತು.

ಈಗ ಮೀಟರು. ಎಂಜಿನ್ ಆಕಸ್ಮಿಕವಾಗಿ ಹತ್ತಿಬಿಡದ ಹಾಗೆ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಹುಟ್ಟಿಸುವ ಕಾಯಿಲಿನಿಂದ ಡೆಲ್ಕೊಗೆ ಹೋಗುವ ನಡುತಂತಿಯನ್ನು ಕಿತ್ತು ಎಂಜಿನ್ನಿನ ಲೋಹಕ್ಕೆ ಸೇರಿಸಿದೆ. ಹುಡುಗ ಕೆಲವೇ ಸೆಕೆಂಡು ಸೆಲ್ಫ್ ಹೊಡೆಯುವುದು, ಮೋಟಾರು ಆರುವವರೆಗೆ ಬಿಡುವುದು, ಮತ್ತೆ ಹೊಡೆಯುವುದು. ಬ್ಯಾಟರಿಯ ಎರಡು ಕಂಬಗಳ ನಡುವೆ 10.3 ವೋಲ್ಟ್. ಸೆಲ್ಫ್ ತಿರುಗುವಾಗ ಅಲ್ಲಿ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿ ಚೆನ್ನಾಗಿದೆ ಎಂದೇ ಲೆಕ್ಕ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ನಲ್ಲೇ ಇರಲಿ ಎಂದು, ಕೆಂಪನ್ನು ಕಾಯಿಲಿನ ಪಾಸಿಟಿವ್ ತುದಿಗೆ ಹಿಡಿದೆ: 9.9. ಅದೂ ಪರವಾಗಿಲ್ಲ. ಇಷ್ಟು ಕೊಟ್ಟ ಮೇಲೂ ಕಾಯಿಲ್ ಹಳದಿ ಕಿಡಿ ಹಾರಿಸುತ್ತದೆಂದರೆ ಕಾಯಿಲೇ ಕೆಟ್ಟಿದೆ ಎಂದು ಮುಗಿಸಿ, ಇನ್ನೊಂದು ಬಿಡಿಭಾಗ ಕೊಳ್ಳಬಹುದಿತ್ತು. ಆದರೆ ಕಾಯಿಲಿನ ವಿದ್ಯುತ್ತು ವಾಪಸು ಹೋಗುವುದು ನೇರವಾಗಿ ಬ್ಯಾಟರಿಗಲ್ಲ. ಅದು ಪಾಯಿಂಟಿಗೆ ಬಂದು, ಡೆಲ್ಕೊದ ಮೈಗೆ ಇಳಿದು, ಎಂಜಿನ್ನಿನ ಲೋಹದ ಮೂಲಕ ಹಿಂದಿರುಗಬೇಕು. ಕೆಂಪು ಕಡ್ಡಿಯನ್ನು ಅಲ್ಲೇ ಬಿಟ್ಟು, ಕಪ್ಪನ್ನು ಬ್ಯಾಟರಿಯಿಂದ ತೆಗೆದು ಎಂಜಿನ್ನಿನ ಒಂದು ಬೋಲ್ಟಿನ ತಲೆಗೆ ಒತ್ತಿದೆ. "ಹೊಡಿ" ಎಂದೆ. 8.0.

ಎಂಜಿನ್ನೂ ಬ್ಯಾಟರಿಯ ನೆಗೆಟಿವ್ವೂ ಒಂದೇ ಆಗಿರಬೇಕಾದ ಜಾಗ. ಅವೆರಡರ ನಡುವೆಯೇ ಕಡ್ಡಿಗಳನ್ನು ಇಟ್ಟು ನೋಡಿದೆ. ಅಂಕಿ ಕುಣಿಯುತ್ತ 1.9ರ ಹತ್ತಿರ ನಿಂತಿತು. ಇಲ್ಲಿ 0.2, ಹೆಚ್ಚೆಂದರೆ 0.3 ಇರಬೇಕು. ಪಾಸಿಟಿವ್ ಕಡೆಯಲ್ಲಿ, ಬ್ಯಾಟರಿಯಿಂದ ಸೆಲ್ಫ್ ಮೋಟಾರಿನವರೆಗಿನ ದಪ್ಪ ಕೇಬಲಿನಲ್ಲಿ ಕಳೆದುಹೋಗುತ್ತಿದ್ದದ್ದು ಬರೀ 0.3. ಗುಟ್ಟು ರಟ್ಟಾಯಿತು: ಎಂಜಿನ್ನಿನ ಅರ್ತ್ ಸೋತಿತ್ತು. ಸೆಲ್ಫ್ ಮೋಟಾರಿಗೂ ಕಾಯಿಲಿಗೂ ವಾಪಸು ಹೋಗುವ ದಾರಿ ಒಂದೇ. ದೊಡ್ಡ ಮೋಟಾರು ಎಳೆಯುವಾಗ ಅಲ್ಲಿ ಕರಗುವ ವೋಲ್ಟು ಕಾಯಿಲಿನ ಪಾಲಿನದನ್ನೂ ಕಿತ್ತುಕೊಳ್ಳುತ್ತದೆ. ತಳ್ಳಿದಾಗ ಆ ಮೋಟಾರು ಆಟದಲ್ಲೇ ಇಲ್ಲ, ಕಾಯಿಲಿಗೆ ತನ್ನ ಪಾಲು ಪೂರ್ತಿ ಸಿಗುತ್ತದೆ.

ಅಷ್ಟರಲ್ಲಿ ಹುಡುಗ ಒಳಗಿನಿಂದ, "ಚಿಕ್ಕಮ್ಮ, ಏನೋ ಸುಟ್ಟ ವಾಸನೆ ಬರುತ್ತಿದೆ" ಎಂದ. ಹುಡುಕುತ್ತ ಹೋದರೆ ಚೋಕ್ ಕೇಬಲ್ಲು. ಕಾರ್ಬ್ಯುರೇಟರಿನ ಹತ್ತಿರ ಅದನ್ನು ಹಿಡಿದಿರುವ ಕ್ಲಿಪ್ಪಿನ ಬಳಿ ಬೆರಳಿಟ್ಟರೆ ಚುರುಕ್ ಎಂದಿತು. ಮೇಲಿನ ಕಪ್ಪು ಪ್ಲಾಸ್ಟಿಕ್ ಮೆತ್ತಗಾಗಿ, ಕ್ಲಿಪ್ ಒತ್ತಿದ ಕಡೆ ಒಳಗಿನ ತಂತಿಸುರುಳಿಯ ಅಚ್ಚು ಮೂಡಿತ್ತು. ಬಿಸಿ ಎಂಜಿನ್ನಿನ ಕಾವಿಗೆ ಹೀಗಾಗಿರಬಹುದೇ ಎಂದು ಪಕ್ಕದಲ್ಲೇ ಇದ್ದ ರಬ್ಬರ್ ಪೈಪು ಮುಟ್ಟಿ ನೋಡಿದೆ. ಅದು ಅಷ್ಟು ಬಿಸಿಯಿರಲಿಲ್ಲ. ಸರಿಯಾದ ದಾರಿ ಮುಚ್ಚಿದ್ದರಿಂದ ಸೆಲ್ಫಿನ ವಿದ್ಯುತ್ತು ಸಿಕ್ಕಿದ ದಾರಿ ಹಿಡಿದು, ಈ ಸಣ್ಣ ಉಕ್ಕಿನ ತಂತಿಯ ಮೂಲಕ ಬಾಡಿಯ ತಗಡಿಗೆ ಹರಿಯುತ್ತಿತ್ತು. ಕೆಲವು ತಿಂಗಳಿಂದ ಚೋಕ್ ಬಿಗಿಯಾಗಿ, ಒಳಗೆ ತಳ್ಳಿದರೂ ಪೂರ್ತಿ ಹೋಗದೆ ಇದ್ದದ್ದಕ್ಕೆ ಕಾರಣವೂ ಸಿಕ್ಕಿತು. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಯಾವುದೇ ಕೇಬಲ್ ಸೆಲ್ಫ್ ಹೊಡೆದಾಗ ಬಿಸಿಯಾದರೆ ಮೀಟರಿಲ್ಲದವರೂ ಅರ್ತನ್ನು ಅನುಮಾನಿಸಬಹುದು.

ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಇಳಿಜಾರಿನವರೆಗೆ ತಳ್ಳಿ, ಕ್ಲಚ್ ಬಿಟ್ಟೆ. ಅದೇ ಬಿಸಿ ಎಂಜಿನ್ನು, ಅದೇ ಪೆಟ್ರೋಲು. ತಕ್ಷಣ ಹತ್ತಿತು.

ಬಿಚ್ಚಿ ನೋಡಿದ್ದು ಮಂಡ್ಯದಲ್ಲಿ, ಗುತ್ತಲು ರಸ್ತೆಯ ಕಡೆ ಇರುವ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಹತ್ತಿರ. ವಯಸ್ಸಾದವರು, ಮಾತು ಕಡಿಮೆ. ನಾನು ಬರೆದುಕೊಂಡು ಹೋಗಿದ್ದ ಅಂಕಿಗಳನ್ನು ಕನ್ನಡಕ ಸರಿಮಾಡಿಕೊಂಡು ಓದಿ, "ಬೀಪ್ ನೋಡಿರುತ್ತಾರೆ, ಅಲ್ಲವೇನಮ್ಮ?" ಎಂದಷ್ಟೇ ಕೇಳಿದರು. ಬ್ಯಾಟರಿ ಇಳಿಸಿ, ಅದರ ತಟ್ಟೆ ಬಿಚ್ಚಿದರು. ಈ ಕಾರಿನಲ್ಲಿ ಹಿಂದೆ ಯಾವಾಗಲೋ ನೆಗೆಟಿವ್ ಕೇಬಲ್ ಬದಲಿಸಿದವರು ಅದನ್ನು ಬಾಡಿಯ ತಗಡಿಗೆ ಮಾತ್ರ ಕಟ್ಟಿ, ಬಾಡಿಯಿಂದ ಗೇರ್‌ಬಾಕ್ಸಿಗೆ ಹೆಣೆದ ತಾಮ್ರದ ಒಂದು ಪಟ್ಟಿ ಬಿಟ್ಟಿದ್ದರು. ಎಂಜಿನ್ನು ರಬ್ಬರಿನ ಮೇಲೆ ಕೂತಿರುವುದರಿಂದ ಆ ಪಟ್ಟಿಯೇ ಅದರ ಸರಿಯಾದ ಅರ್ತ್. ಅವರು ಅದನ್ನು ತಟ್ಟೆಯ ಕೆಳಗಿನಿಂದ ಹೊರಗೆ ಎಳೆದಾಗ ಒಂದು ತುದಿಯಲ್ಲಿ ಎಳೆಗಳು ಬಹುಪಾಲು ಕಡಿದು, ಉಳಿದವು ಬ್ಯಾಟರಿ ಆಸಿಡ್ಡಿನಿಂದ ಹಸಿರು ಪುಡಿಯಾಗಿದ್ದವು. ಬೆರಳಿನಿಂದ ಮಡಿಚಿದರೆ ಪುಡಿ ಉದುರಿತು. ಇನ್ನೊಂದು ತುದಿಯ ಬೋಲ್ಟು ಬಾಡಿಯ ಬಣ್ಣದ ಮೇಲೇ ಕೂತಿತ್ತು, ಸುತ್ತ ತುಕ್ಕು.

ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದದ್ದು ಏಕೆ ಎನ್ನುವುದು ಆ ಪಟ್ಟಿ ಕೈಯಲ್ಲಿದ್ದಾಗ ಅರ್ಥವಾಯಿತು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಏರುತ್ತದೆ, ತುಕ್ಕು ಹಿಡಿದ ಕೂಡಿಕೆ ಕಾವಿಗೆ ಹಿಗ್ಗಿ ಇನ್ನಷ್ಟು ಸಡಿಲವಾಗುತ್ತದೆ. ಎಂಜಿನ್ನು ಪ್ರತಿ ಸಲ ನಿಲ್ಲುವಾಗ ಸ್ವಲ್ಪ ಅಲುಗಿ ಕೂರುತ್ತದೆ, ಉಳಿದಿರುವ ಎಳೆಗಳು ಒಮ್ಮೆ ತಾಗುತ್ತವೆ, ಒಮ್ಮೆ ಬಿಡುತ್ತವೆ. ಗ್ಯಾರೇಜಿನಲ್ಲಿ ಬ್ಯಾಟರಿ ಬದಲಿಸಲು ಕೇಬಲ್ ಬಿಚ್ಚಿ ಕಟ್ಟಿದಾಗ ಎಲ್ಲವೂ ಅಲುಗಾಡಿ ಕೆಲವು ದಿನ ಚೆನ್ನಾಗಿರುತ್ತದೆ. ಹೊಸ ಬ್ಯಾಟರಿಯ ಹುರುಪಿನಲ್ಲಿ ಎರಡು ವೋಲ್ಟಿನ ನಷ್ಟ ಗೊತ್ತಾಗುವುದಿಲ್ಲ.

ದೀಪ ಹಾಕಿಕೊಂಡು ಬಂದ ಮಳೆಯ ರಾತ್ರಿಯೂ ಕಾರು ಮೊಂಡು ಹಿಡಿದದ್ದರ ಗುಟ್ಟೂ ಅಲ್ಲೇ ಇತ್ತು. ಡೈನಮೊ ಕೂತಿರುವುದು ಎಂಜಿನ್ನಿನ ಮೇಲೆ. ಬ್ಯಾಟರಿ ತುಂಬುವ ವಿದ್ಯುತ್ತೂ ಇದೇ ಪಟ್ಟಿಯ ಮೂಲಕ ಸುತ್ತಬೇಕು. ಪಟ್ಟಿ ಬದಲಿಸುವ ಮುಂಚೆ ಎಂಜಿನ್ ಓಡಿಸಿ, ದೀಪ ಹಾಕಿ ನೋಡಿದಾಗ ಡೈನಮೊದಲ್ಲಿ 14.1 ವೋಲ್ಟ್, ಬ್ಯಾಟರಿಯಲ್ಲಿ 13.0. ರಾತ್ರಿ ಪ್ರಯಾಣದ ಕೊನೆಗೆ ಬ್ಯಾಟರಿ ಅರೆಹೊಟ್ಟೆಯಲ್ಲಿರುತ್ತಿತ್ತು.

ಅವರು ಬಾಡಿಯ ಬಣ್ಣವನ್ನು ಎಮರಿ ಕಾಗದದಲ್ಲಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಕಟ್ಟಿ, ಮೇಲೆ ಗ್ರೀಸ್ ಸವರಿದರು. ಜೊತೆಗೆ ನೆಗೆಟಿವ್ ಕಂಬದಿಂದ ನೇರವಾಗಿ ಗೇರ್‌ಬಾಕ್ಸಿಗೆ ಇನ್ನೊಂದು ದಪ್ಪ ಕೇಬಲ್ಲನ್ನೂ ಎಳೆದರು. ಎಲ್ಲ ಸೇರಿ ಆದ ಖರ್ಚು ಹೊಸ ಬ್ಯಾಟರಿಯ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ. ಬಿಸಿ ಎಂಜಿನ್ನಿನಲ್ಲಿ ಮತ್ತೆ ಅಳೆದೆವು: 1.9 ಇದ್ದ ಕಡೆ 0.15. ಸೆಲ್ಫಿನ ಸದ್ದೇ ಬೇರೆಯಾಗಿತ್ತು. ಅಪ್ಪ ಜಗುಲಿಯಲ್ಲಿ ಕೂತು ಕೇಳಿ, "ಕೊಂಡಾಗ ಹೀಗೇ ತಿರುಗುತ್ತಿತ್ತು" ಎಂದರು. ಚಿಕ್ಕಪ್ಪ ಮಾತ್ರ ಪೂರ್ತಿ ಒಪ್ಪಿಲ್ಲ. ಅವರ ಪ್ರಕಾರ ಪಂಪಿಗೆ ತಗಡಿನ ಮರೆ ಕಟ್ಟಿಸುವುದು ಇನ್ನೂ ಬಾಕಿ ಇದೆ.

ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಬಿರುಬಿಸಿಲಿನಲ್ಲಿ ನಿಲ್ಲಿಸಿ ಬಂದರೆ ಒಮ್ಮೊಮ್ಮೆ ಈಗಲೂ ಪೆಟ್ರೋಲಿನ ವಾಸನೆ ಬರುತ್ತದೆ, ಮೊದಲ ಸುತ್ತಿಗೆ ಹತ್ತುವುದಿಲ್ಲ. ಆಗ ಚೋಕ್ ಮುಟ್ಟದೆ, ಆಕ್ಸಿಲರೇಟರನ್ನು ಪದೇ ಪದೇ ಒತ್ತದೆ, ಒಂದೇ ಸಲಕ್ಕೆ ಪೂರ್ತಿ ಅದುಮಿ ಹಿಡಿದು ಸೆಲ್ಫ್ ಹೊಡೆದರೆ ಹೆಚ್ಚುವರಿ ಪೆಟ್ರೋಲನ್ನು ಗಾಳಿ ಎಳೆದುಕೊಂಡು ಹೋಗಿ ಎಂಜಿನ್ ಹತ್ತುತ್ತದೆ. ಇದು ಕಾರ್ಬ್ಯುರೇಟರ್ ಗಾಡಿಗಳ ಹುಟ್ಟುಗುಣ, ಕಿಡಿ ಬಲವಾಗಿದ್ದರೆ ಸಂಭಾಳಿಸಬಹುದು. ಸುಟ್ಟ ಚೋಕ್ ಕೇಬಲ್ಲನ್ನು ಬದಲಿಸಿಯಾಯಿತು. ಆಕ್ಸಿಲರೇಟರ್ ಕೇಬಲ್ಲೂ ಅದೇ ಬಿಸಿ ತಿಂದಿರಬಹುದೆಂಬ ಅನುಮಾನ ಇರುವುದರಿಂದ ಮುಂದಿನ ಸರ್ವಿಸ್‌ನಲ್ಲಿ ಅದನ್ನೂ ಬಿಚ್ಚಿ ನೋಡಲು ಹೇಳಿದ್ದೇನೆ.